ರೀಫ್ ಟ್ಯಾಂಕಿನ ಬೆಳಕು: ಬೆಂಗಳೂರಿನ ಒಂದು ಮನೆಯ ಪ್ರಕರಣ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಮನೆಯ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳಗಳನ್ನು ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಸುಮಾರು ಒಂದು ವರ್ಷದ ಅವಧಿಯಲ್ಲಿ ನಡೆದ ಸಂಗತಿ ಇದು. ಮನೆಯವರ ಗುರುತು ತಿಳಿಯಬಾರದೆಂದು ಅವರನ್ನು ಇಲ್ಲಿ ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಅವರು ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುವವರು ಎಂಬ ಒಂದು ವಿವರವನ್ನು ಮಾತ್ರ ಮುಚ್ಚಿಡುವುದಿಲ್ಲ, ಏಕೆಂದರೆ ಈ ಪ್ರಕರಣದ ಒಂದು ಮುಖ್ಯ ತಪ್ಪಿಗೂ ಅದಕ್ಕೂ ಸಂಬಂಧವಿದೆ. ನಾನು ಇದೇ ಹವ್ಯಾಸದಲ್ಲಿ ಅವರಿಗಿಂತ ಕೆಲವು ವರ್ಷ ಹಳಬ. ಸಮಸ್ಯೆ ಕೈಮೀರಿದ ಮೇಲೆ ಅವರು ಕರೆದಿದ್ದರಿಂದ ಹೋದವನು. ಆದ್ದರಿಂದ ಮೊದಲ ಆರು ತಿಂಗಳ ವಿವರಗಳು ಅವರ ದಿನಚರಿ ಪುಸ್ತಕದಿಂದ ಬಂದವು, ನಂತರದವು ನಾನೇ ಕಂಡವು.

ಹಿನ್ನೆಲೆ

ಮೇಷ್ಟ್ರ ಮನೆಯಲ್ಲಿ ಹತ್ತು ವರ್ಷಗಳಿಂದ ಗಿಡಗಳಿರುವ ಸಿಹಿನೀರಿನ ಅಕ್ವೇರಿಯಂ ಇತ್ತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಒಮ್ಮೆ ಸಮುದ್ರಕ್ಕಿಳಿದು ಹವಳಗಳನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ಉಪ್ಪುನೀರಿನ ಟ್ಯಾಂಕಿನ ಆಸೆ ಹುಟ್ಟಿತು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ, ಸತ್ತ ಹವಳದ ಕಲ್ಲನ್ನೂ ಮನೆಗೆ ತರುವಂತಿಲ್ಲ. ಇದನ್ನು ಚೆನ್ನಾಗಿ ಬಲ್ಲ ಮೇಷ್ಟ್ರು ಬಂಡೆಗೆ ಸುಟ್ಟ ಮಣ್ಣಿನ ಸೆರಾಮಿಕ್ ತುಂಡುಗಳನ್ನು ಬಳಸಿದರು. ಹವಳಗಳಲ್ಲಿ, ಕಲ್ಲಿನ ಗೂಡು ಕಟ್ಟದ, ಹವ್ಯಾಸಿಗಳು ಒಟ್ಟಾಗಿ ಮೃದು ಹವಳ ಎಂದು ಕರೆಯುವ ಮೂರು ಬಗೆಗಳಿಗೆ, ಅಂದರೆ ಗುಂಪಾಗಿ ಬೆಳೆಯುವ ಜೋವಾಂಥಿಡ್, ಅಣಬೆಯಂಥ ಮಶ್ರೂಮ್ ಮತ್ತು ಚರ್ಮದಂಥ ಲೆದರ್‌ಗಳಿಗೆ ಮಾತ್ರ ಜಾಗ ಕೊಡುವುದೆಂದು ಮೊದಲೇ ನಿಶ್ಚಯಿಸಿದರು. ಈ ನಿಶ್ಚಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ದೀಪದ ಆಯ್ಕೆಯ ಹೊತ್ತಿಗೆ ಅವರೇ ಅದನ್ನು ಮರೆತರು.

ಟ್ಯಾಂಕಿನ ಅಳತೆ ಉದ್ದ 90, ಅಗಲ 45, ಎತ್ತರ 45 ಸೆಂಟಿಮೀಟರ್. ಲೆಕ್ಕಕ್ಕೆ 182 ಲೀಟರ್ ಆದರೂ ಬಂಡೆ, ಮರಳು ಕಳೆದರೆ ನೀರು ಸುಮಾರು 150 ಲೀಟರ್. ಅಕ್ಟೋಬರಿನಲ್ಲಿ ಆರ್‌ಒ ನೀರಿಗೆ ಉಪ್ಪು ಬೆರೆಸಿ ಟ್ಯಾಂಕು ತುಂಬಿದರು, ಜೀವಿಗಳ ತ್ಯಾಜ್ಯವನ್ನು ನಿರಪಾಯಗೊಳಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಅವಸರವಿಲ್ಲದೆ ಕಾದರು, ಜನವರಿಯಲ್ಲಿ ಮೊದಲ ಹವಳಗಳನ್ನು ಇಟ್ಟರು. ಅಷ್ಟರ ಮಟ್ಟಿಗೆ ಅವರದು ತಾಳ್ಮೆಯ ಕೆಲಸ.

ದೀಪದ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ಅವರು ಓದಿದ ಸಲಹೆಗಳೆಲ್ಲ ಹೊರದೇಶದ ಹವ್ಯಾಸಿಗಳವು. ಅವರ ಟ್ಯಾಂಕುಗಳಲ್ಲಿ ತೀವ್ರ ಬೆಳಕು ಬೇಡುವ ಆಕ್ರೊಪೊರಾದಂತಹ ಕಲ್ಲುಹವಳಗಳಿರುತ್ತವೆ, ಸಲಹೆಯೂ ಅದಕ್ಕೆ ತಕ್ಕಂತಿರುತ್ತದೆ. ಮೇಷ್ಟ್ರು ಅದನ್ನೇ ಅನುಸರಿಸಿ, ತಲಾ 3 ವ್ಯಾಟಿನ 55 ಎಲ್ಇಡಿಗಳಿರುವ, ಹವ್ಯಾಸಿಗಳು ಬ್ಲ್ಯಾಕ್ ಬಾಕ್ಸ್ ಎನ್ನುವ ಕಪ್ಪು ಪೆಟ್ಟಿಗೆಯ ದೀಪವನ್ನು ತಂದರು. ಡಬ್ಬದ ಮೇಲೆ 165 ವ್ಯಾಟ್ ಎಂದಿತ್ತು. ಎಲ್ಲ ಎಲ್ಇಡಿಗಳನ್ನೂ ಪೂರ್ಣ ಸಾಮರ್ಥ್ಯಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಓಡಿಸುವುದರಿಂದ ಪ್ಲಗ್ಗಿನ ಮೀಟರಿನಲ್ಲಿ ಅದು ಕಂಡದ್ದು 112 ವ್ಯಾಟ್. ನೀಲಿ ಸಾಲಿಗೊಂದು, ಬಿಳಿ ಸಾಲಿಗೊಂದು ತಂತಿ, ಎರಡಕ್ಕೂ ಬೇರೆ ಬೇರೆ ತಿರುಗುಗುಂಡಿ. ಮನೆಯ ಫಾಲ್ಸ್ ಸೀಲಿಂಗ್ ಭಾರ ತಡೆಯುವುದಿಲ್ಲವೆಂದು ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಸ್ಟ್ಯಾಂಡು ಮಾಡಿಸಿ, ಉಪ್ಪಿಗೆ ತುಕ್ಕು ಹಿಡಿಯದಂತೆ ಪೌಡರ್ ಕೋಟಿಂಗ್ ಕೊಡಿಸಿ, ನೀರಿನ ಮೇಲೆ 20 ಸೆಂಟಿಮೀಟರ್ ಎತ್ತರದಲ್ಲಿ ಟ್ಯಾಂಕಿನ ನಟ್ಟನಡುವೆ ದೀಪ ತೂಗುಹಾಕಿದರು. ತಂತಿಯನ್ನು ಪ್ಲಗ್ಗಿಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತಂದಿದ್ದರು, ಹನಿ ಇಳಿದರೂ ಅದು ಪ್ಲಗ್ಗಿಗೆ ಮುಟ್ಟದೆ ನೆಲಕ್ಕೆ ಬೀಳಲಿ ಎಂದು. ಆ ಸಾಲಿಗೆ, ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿದ್ದರು. ಉಪ್ಪುನೀರು ಮತ್ತು ವಿದ್ಯುತ್ತು ಒಂದೇ ಮೂಲೆಯಲ್ಲಿರುವ ಮನೆಗಳಲ್ಲಿ ಇಷ್ಟು ಎಚ್ಚರಿಕೆಯನ್ನು ನಾನು ಕಂಡದ್ದು ವಿರಳ.

ಸಮಸ್ಯೆ ಕಾಣಿಸಿಕೊಂಡ ಬಗೆ

ನೋಟಕ್ಕೆ ಚೆನ್ನಾಗಿರಲೆಂದು ನಡುಬಂಡೆಯ ನೆತ್ತಿಯ ಮೇಲೆ ಮಶ್ರೂಮ್‌ಗಳನ್ನೂ ಎರಡು ಬದಿಗಳ ತಗ್ಗಿನಲ್ಲಿ ಜೋವಾಂಥಿಡ್‌ಗಳನ್ನೂ ಇಡಲಾಗಿತ್ತು. ಫೆಬ್ರವರಿಯ ಕೊನೆಗೆ ನಡುವಿನ ಮಶ್ರೂಮ್‌ಗಳು ಕುಗ್ಗಿ ಬಿಳಿಚಿಕೊಂಡವು. ಎರಡು ಮಶ್ರೂಮ್‌ಗಳು ಬಂಡೆಯ ಹಿಡಿತ ಬಿಟ್ಟು ನೀರಿನ ಸೆಳೆತಕ್ಕೆ ಉರುಳಿ ಹಿಂಬದಿಯ ನೆರಳಿಗೆ ಹೋಗಿ ಕುಳಿತವು. ಅದೇ ವೇಳೆಗೆ ಬದಿಯ ಜೋವಾಂಥಿಡ್‌ಗಳ ಕಾಂಡ ಸೊರಗಿದ ಸಸಿಯಂತೆ ಉದ್ದವಾಗತೊಡಗಿತು.

ಬಿಳಿಚಿದ್ದನ್ನೂ ಉದ್ದವಾದದ್ದನ್ನೂ ಮೇಷ್ಟ್ರು ಬೆಳಕಿನ ಕೊರತೆಯ ಒಂದೇ ಲಕ್ಷಣವೆಂದು ಓದಿದರು. ಹತ್ತು ವರ್ಷ ನೀರಗಿಡ ಬೆಳೆಸಿದವರಿಗೆ ಹಾಗೆ ತೋರುವುದು ಸಹಜ, ಏಕೆಂದರೆ ಕತ್ತಲಲ್ಲಿಟ್ಟ ಗಿಡ ಬಿಳಿಚುವುದೂ ಹೌದು, ಉದ್ದವಾಗುವುದೂ ಹೌದು. ಹವಳದ ಬಣ್ಣದ ಲೆಕ್ಕ ಬೇರೆ. ಅದರ ಅಂಗಾಂಶದೊಳಗೆ ವಾಸಿಸುವ ಕಂದುಬಣ್ಣದ ಸೂಕ್ಷ್ಮ ಪಾಚಿಯೇ ಬೆಳಕನ್ನು ಆಹಾರವಾಗಿಸುತ್ತದೆ. ಬೆಳಕು ಮಿತಿಮೀರಿದಾಗ, ಅದರಲ್ಲೂ ನೀರು ಬಿಸಿಯಾಗಿರುವಾಗ, ಆ ಪಾಚಿಯಲ್ಲಿ ಹಾನಿಕರ ಆಮ್ಲಜನಕ ರೂಪಗಳು ಉಂಟಾಗುತ್ತವೆ, ಹವಳ ತನ್ನ ಬಾಡಿಗೆದಾರನನ್ನೇ ಹೊರದಬ್ಬುತ್ತದೆ, ಉಳಿಯುವುದು ಬಣ್ಣಗೆಟ್ಟ ಮೈ. ಬೆಳಕು ಕಡಿಮೆಯಾದಾಗ ಹವಳ ಸಾಮಾನ್ಯವಾಗಿ ಆ ಪಾಚಿಯನ್ನು ಹೆಚ್ಚಿಸಿಕೊಂಡು ಇನ್ನಷ್ಟು ಕಂದಾಗುತ್ತದೆ. ನಡುವಿನ ಮಶ್ರೂಮ್‌ಗಳು ಹೇಳುತ್ತಿದ್ದ ದೂರು ಬದಿಯ ಜೋವಾಂಥಿಡ್‌ಗಳ ದೂರಿಗೆ ನೇರ ವಿರುದ್ಧವಾಗಿತ್ತು.

ಇಲ್ಲಿ ಮೇಷ್ಟ್ರು ತೆಗೆದುಕೊಂಡ ಎರಡು ನಿರ್ಧಾರಗಳು ಪರಿಸ್ಥಿತಿಯನ್ನು ಬಿಗಡಾಯಿಸಿದವು. ಮೊದಲನೆಯದು, ಬೆಳಕಿನ ಪ್ರಕಾಶ ತೋರಿಸುವ ಮೊಬೈಲಿನ ಲಕ್ಸ್ ಆ್ಯಪ್ ಹಿಡಿದು ಅಳೆದದ್ದು. ನೀಲಿ ಗುಂಡಿಯನ್ನು ಎಷ್ಟು ತಿರುಗಿಸಿದರೂ ಅಂಕಿ ಹೆಚ್ಚು ಏರಲಿಲ್ಲ, ಬಿಳಿಯನ್ನು ಸ್ವಲ್ಪ ಏರಿಸಿದೊಡನೆ ಜಿಗಿಯಿತು. ಹಾಗಾಗಿ ಬಿಳಿಯನ್ನು ಶೇ. 60ಕ್ಕೆ ಏರಿಸಿದರು, ದೀಪ ಉರಿಯುವ ಅವಧಿಯನ್ನು 12 ಗಂಟೆಗೆ ಹೆಚ್ಚಿಸಿದರು. ಮರಳಿನ ಮೇಲೆ ಕಂದು ಪಾಚಿಯ ಹಾಸು ಬಂತು. ಎರಡನೆಯ ನಿರ್ಧಾರ ಆ ಹಾಸನ್ನು ಕಂಡು ತೆಗೆದುಕೊಂಡದ್ದು: ಪಾಚಿಗೆ ಪೋಷಕಾಂಶ ಹೆಚ್ಚಾಗಿದೆ ಎಂದು ಭಾವಿಸಿ ಫಾಸ್ಫೇಟ್ ಹೀರುವ ಪುಡಿಯನ್ನು ಫಿಲ್ಟರಿಗೆ ಹಾಕಿದರು, ಟ್ಯಾಂಕಿನಲ್ಲಿದ್ದ ಮೀನುಗಳ ಊಟವನ್ನು ಅರ್ಧಕ್ಕಿಳಿಸಿದರು. ಏಪ್ರಿಲಿನ ಸೆಖೆ ಬೇರೆ. ಟ್ಯಾಂಕಿನ ನೀರು ಮಧ್ಯಾಹ್ನ 29.5 ಡಿಗ್ರಿ ಮುಟ್ಟುತ್ತಿತ್ತು. ನಾನು ಹೋದಾಗ ಏಳು ಮಶ್ರೂಮ್‌ಗಳಲ್ಲಿ ಮೂರು ಕರಗಿಹೋಗಿದ್ದವು.

ಅಳತೆ

ಆ ಸಂಜೆ ನಾನು ದೀಪದ ಬಗ್ಗೆ ಯಾವ ಅಭಿಪ್ರಾಯವನ್ನೂ ಹೇಳಲಿಲ್ಲ. ಸ್ನೇಹಿತರೊಬ್ಬರ ಬಳಿ ನೀರೊಳಗೆ ಬಳಸುವ ಪಾರ್ ಮೀಟರ್ ಇತ್ತು, ಅದನ್ನು ವಾರಾಂತ್ಯಕ್ಕೆ ಎರವಲು ತಂದೆವು. ಇಡೀ ಪ್ರಕರಣ ತಿರುಗಿದ್ದು ಆ ಭಾನುವಾರ.

ಪಾರ್ ಎಂದರೆ 400ರಿಂದ 700 ನ್ಯಾನೋಮೀಟರ್ ತರಂಗಾಂತರದ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು. ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ ಫೋಟಾನುಗಳು ಬಿದ್ದವೆಂದು ಮೀಟರ್ ಎಣಿಸುತ್ತದೆ. ಲಕ್ಸ್ ಹಾಗಲ್ಲ, ಅದು ಮನುಷ್ಯನ ಕಣ್ಣಿಗೆ ಎಷ್ಟು ಪ್ರಕಾಶ ಕಂಡಿತು ಎಂಬುದರ ಲೆಕ್ಕ. ನಮ್ಮ ಕಣ್ಣು ಹಗಲಿನಲ್ಲಿ 555 ನ್ಯಾನೋಮೀಟರಿನ ಹಳದಿ ಮಿಶ್ರಿತ ಹಸಿರಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. 450 ನ್ಯಾನೋಮೀಟರಿನ ನೀಲಿಗೆ ಅದರ ಸ್ಪಂದನೆ ನೂರರಲ್ಲಿ ನಾಲ್ಕು ಪಾಲು ಮಾತ್ರ. ಹವಳದೊಳಗಿನ ಪಾಚಿಯ ಕ್ಲೋರೊಫಿಲ್ ಮತ್ತು ಪೆರಿಡಿನಿನ್ ವರ್ಣದ್ರವ್ಯಗಳು ಅತ್ಯಂತ ಚೆನ್ನಾಗಿ ಹೀರುವುದು ಇದೇ ನೀಲಿಯ ಆಸುಪಾಸಿನ ಬೆಳಕನ್ನು, ಏಕೆಂದರೆ ಸಮುದ್ರದಲ್ಲಿ ಆಳಕ್ಕಿಳಿದಂತೆ ಕೆಂಪು ಮೊದಲು ಅಳಿದು ನೀಲಿಯೇ ಉಳಿಯುತ್ತದೆ. ಲಕ್ಸ್ ಆ್ಯಪ್ ನೀಲಿಯನ್ನು ಲೆಕ್ಕಕ್ಕೇ ಹಿಡಿಯದೆ ಬಿಳಿಯನ್ನು ಮೆರೆಸಿದ್ದು ಇದೇ ಕಾರಣಕ್ಕೆ. ಇದನ್ನು ನಾನು ವಿವರಿಸಲು ಹೊರಟಾಗ ಮೇಷ್ಟ್ರು ಹಣೆ ಚಚ್ಚಿಕೊಂಡು, “ಸಾರ್, ಈ ಕರ್ವನ್ನು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯೋನೇ ನಾನು” ಎಂದರು. ತರಗತಿಯಲ್ಲಿ ತಿಳಿದದ್ದು ಮನೆಯ ಟ್ಯಾಂಕಿನ ಮುಂದೆ ನೆನಪಾಗದಿರುವುದು ಅವರೊಬ್ಬರ ದೌರ್ಬಲ್ಯವೇನೂ ಅಲ್ಲ.

ಅಳೆದ ಕ್ರಮವನ್ನು ಹೇಳಬೇಕು. ಅಲೆ ಎಬ್ಬಿಸುವ ಪಂಪನ್ನು ನಿಲ್ಲಿಸಿದೆವು, ಇಲ್ಲದಿದ್ದರೆ ನೀರಿನ ಮೇಲ್ಮೈಯ ಏರಿಳಿತ ಮಸೂರದಂತೆ ವರ್ತಿಸಿ ಅಂಕಿ ಕುಣಿಯುತ್ತದೆ. ಸೆನ್ಸರನ್ನು ಪಿವಿಸಿ ಕೊಳವೆಯ ತುದಿಗೆ ಕಟ್ಟಿ, ಮರಳಿನ ಮೇಲೆ ಉದ್ದಕ್ಕೆ ಐದು, ಅಗಲಕ್ಕೆ ಮೂರರಂತೆ ಹದಿನೈದು ಕಡೆ, ಆಮೇಲೆ ಪ್ರತಿ ಹವಳ ಕುಳಿತ ಜಾಗದಲ್ಲಿ ಒಂದೊಂದು ಬಾರಿ ಇಟ್ಟೆವು. ಗಾಳಿಗೆಂದು ಹೊಂದಿಸಿದ ಸೆನ್ಸರ್ ನೀರಿನಲ್ಲಿ ಸುಮಾರು ಕಾಲುಭಾಗ ಕಡಿಮೆ ತೋರಿಸುತ್ತದೆ. ನಮ್ಮ ಮೀಟರ್ ಆ ತಿದ್ದುಪಡಿಯನ್ನು ತಾನೇ ಮಾಡಿಕೊಳ್ಳುವಂಥದ್ದು ಎಂದು ಖಚಿತಪಡಿಸಿಕೊಂಡೆವು. ಮೇಷ್ಟ್ರು ಗ್ರಾಫ್ ಹಾಳೆಯಲ್ಲಿ ಟ್ಯಾಂಕಿನ ನಕ್ಷೆ ಬರೆದು ಅಂಕಿಗಳನ್ನು ತುಂಬುತ್ತ ಹೋದರು.

ನಡುಬಂಡೆಯ ನೆತ್ತಿಯಲ್ಲಿ 340. ಅದರ ಬುಡದ ಪಕ್ಕದ ಮರಳಿನಲ್ಲಿ 150. ಜೋವಾಂಥಿಡ್‌ಗಳಿದ್ದ ಬದಿಯ ಇಳಿಜಾರಿನಲ್ಲಿ 55, ಮೂಲೆಗಳಲ್ಲಿ 33 ಮತ್ತು 28. ಹವ್ಯಾಸಿಗಳ ಅನುಭವದ ಲೆಕ್ಕದಲ್ಲಿ ಮಶ್ರೂಮ್‌ಗಳಿಗೆ 40ರಿಂದ 80 ಧಾರಾಳ, ಜೋವಾಂಥಿಡ್ ಮತ್ತು ಲೆದರ್‌ಗಳಿಗೆ ನೂರರ ಆಚೀಚೆ ಸಾಕು, 300ಕ್ಕೆ ಮೇಲಿನ ಬೆಳಕು ಬೇಡುವುದು ಈ ಮನೆಗೆ ಬರಲಾರದ ಕಲ್ಲುಹವಳಗಳು. ದಿನದ ಒಟ್ಟು ಬೆಳಕನ್ನು ಲೆಕ್ಕ ಹಾಕಿದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು: 340ರಂತೆ 12 ಗಂಟೆ ಎಂದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 14.7 ಮೋಲ್. ಅತಿ ಕಡಿಮೆ ಬೆಳಕು ಬೇಡುವ ಜೀವಿಯನ್ನು ಅತಿ ಹೆಚ್ಚು ಬೆಳಕಿನ ಜಾಗದಲ್ಲಿ ಕೂರಿಸಲಾಗಿತ್ತು, ಹೆಚ್ಚು ಬೇಡುವುದನ್ನು ಕತ್ತಲೆಗೆ ನೂಕಲಾಗಿತ್ತು.

ಮೊದಲ ತಿದ್ದುಪಡಿ

ಹಾಳೆ ಕೈಗೆ ಬಂದೊಡನೆ ಮೇಷ್ಟ್ರಿಗೆ ಎಲ್ಲವನ್ನೂ ಅದೇ ದಿನ ಬದಲಿಸುವ ಆತುರ. ದೀಪ, ಫಾಸ್ಫೇಟ್ ಪುಡಿ, ಊಟ, ತಾಪಮಾನ ಎಲ್ಲವನ್ನೂ ಒಟ್ಟಿಗೆ ಸರಿಸಿದರೆ ಯಾವುದರಿಂದ ಗುಣವಾಯಿತು ಅಥವಾ ಕೆಟ್ಟಿತು ಎಂದು ಎಂದಿಗೂ ತಿಳಿಯುವುದಿಲ್ಲ ಎಂಬುದು ನನ್ನ ವಾದ. ಕೊನೆಗೆ, ಜೀವಕ್ಕೆ ಎರವಾಗುತ್ತಿದ್ದ ಬೆಳಕು ಮತ್ತು ಶಾಖವನ್ನು ಮೊದಲು ಇಳಿಸುವುದು, ಪೋಷಕಾಂಶದ ವಿಷಯವನ್ನು ಮೂರು ವಾರ ಮುಟ್ಟದಿರುವುದು ಎಂದು ಒಪ್ಪಿಕೊಂಡೆವು.

ದೀಪವನ್ನು 20ರಿಂದ 32 ಸೆಂಟಿಮೀಟರಿಗೆ ಏರಿಸಿದೆವು. ಎತ್ತರ ಹೆಚ್ಚಿದಂತೆ ನಡುವಿನ ತೀವ್ರತೆ ತಗ್ಗಿ ಬೆಳಕು ಬದಿಗಳಿಗೆ ಹರಡುತ್ತದೆ. ನೀಲಿಯನ್ನು ಶೇ. 40ಕ್ಕೆ, ಬಿಳಿಯನ್ನು ಶೇ. 10ಕ್ಕೆ ಇಳಿಸಿ, ಎರಡು ತಂತಿಗಳಿಗೂ ಬ್ಯಾಟರಿ ಇರುವ ಒಂದೊಂದು ಡಿಜಿಟಲ್ ಟೈಮರ್ ಹಾಕಿದೆವು. ನೀಲಿ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ, ಬಿಳಿ 2ರಿಂದ 5ರವರೆಗೆ. ಮಧ್ಯಾಹ್ನ ಆರಂಭಿಸಿದ್ದಕ್ಕೆ ಕಾರಣ ಸರಳ: ಸಂಜೆ ಆರಕ್ಕೆ ಮನೆಗೆ ಬರುವವರು ಟ್ಯಾಂಕನ್ನು ನೋಡುವುದು ಯಾವಾಗ? ಹವಳಕ್ಕೆ ಹೊರಗಿನ ಸೂರ್ಯನ ಹೊತ್ತೇ ಆಗಬೇಕೆಂದಿಲ್ಲ, ಪ್ರತಿದಿನ ಒಂದೇ ಹೊತ್ತಾದರೆ ಸಾಕು. ಈಗ ನೆತ್ತಿಯಲ್ಲಿ 140, ಮೂಲೆಗಳಲ್ಲಿ 30ರಿಂದ 45. ದಿನದ ಮೊತ್ತ ಹೆಚ್ಚೆಂದರೆ 4 ಮೋಲ್.

ಇನ್ನುಳಿದದ್ದು ಹವಳಗಳ ಜಾಗ. ಮಶ್ರೂಮ್‌ಗಳು ಮರಳಿಗೂ ಬದಿಗೂ ಇಳಿದವು, ಜೋವಾಂಥಿಡ್‌ಗಳು ನಡುವಿನ ದಿಬ್ಬಕ್ಕೆ ಹಂತಹಂತವಾಗಿ ಏರಿದವು. 55ರಲ್ಲಿ ಬದುಕಿದ್ದನ್ನು ಒಮ್ಮೆಗೇ 140ಕ್ಕೆ ಒಯ್ದರೆ ಅದೂ ಬಿಳಿಚಬಹುದು, ಆದ್ದರಿಂದ ಹತ್ತು ದಿನಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಮೇಲಕ್ಕೆ. ನೀರಿನ ಮೇಲೆ ಗಾಳಿ ಬೀಸುವಂತೆ ಚಿಕ್ಕ ಫ್ಯಾನ್ ಇಟ್ಟಿದ್ದರಿಂದ ತಾಪಮಾನ 27.5ಕ್ಕೆ ಇಳಿಯಿತು, ಅದರ ಬೆಲೆಯಾಗಿ ದಿನಕ್ಕೆ 3 ಲೀಟರಿನಷ್ಟು ಆರ್‌ಒ ನೀರು ಮರುಭರ್ತಿ ಮಾಡಬೇಕಾಯಿತು.

ಮೂರು ವಾರಕ್ಕೆ ಮಶ್ರೂಮ್‌ಗಳು ಅಗಲವಾದವು, ಬಣ್ಣ ಮಾತ್ರ ಪೂರ್ತಿ ಮರಳಲಿಲ್ಲ. ಆಗ ನೀರು ಪರೀಕ್ಷಿಸಿದರೆ ಕಿಟ್ಟಿನಲ್ಲಿ ನೈಟ್ರೇಟೂ ಸೊನ್ನೆ, ಫಾಸ್ಫೇಟೂ ಸೊನ್ನೆ. ಹವಳದೊಳಗಿನ ಪಾಚಿಗೂ ಸಾರಜನಕ, ರಂಜಕ ಬೇಕು. ಟ್ಯಾಂಕನ್ನು ಅತಿ ಶುಚಿಯಾಗಿಟ್ಟು ಅದನ್ನು ಉಪವಾಸ ಕೆಡವಿದ್ದೆವು. ಪುಡಿಯನ್ನು ತೆಗೆದು ಮೀನಿನ ಊಟವನ್ನು ಮೊದಲಿನಷ್ಟಕ್ಕೆ ತಂದ ಮೇಲೆ, ಜೂನಿನ ಹೊತ್ತಿಗೆ ಹಸಿರೂ ಕೆಂಪೂ ಮರಳಿದವು. ಆದ್ದರಿಂದ ಈ ಚೇತರಿಕೆಯ ಶ್ರೇಯಸ್ಸನ್ನೆಲ್ಲ ದೀಪದ ತಿದ್ದುಪಡಿಗೆ ಕೊಡುವುದು ನ್ಯಾಯವಲ್ಲ. ಮೇಷ್ಟ್ರ ಮಾತಿನಂತೆ ಎಲ್ಲವನ್ನೂ ಒಂದೇ ದಿನ ಬದಲಿಸಿದ್ದರೆ ನಾವು ಖಂಡಿತ ಹಾಗೆಯೇ ಮಾಡುತ್ತಿದ್ದೆವು.

ಎರಡನೆಯ ದೀಪ, ಎರಡನೆಯ ತಪ್ಪು

ನಡುವೆ ಒಂದೇ ದೀಪ ಇರುವ ಟ್ಯಾಂಕಿನಲ್ಲಿ ಬಂಡೆಯ ಹೊರಮುಖದ ಇಳಿಜಾರುಗಳಿಗೆ ಬಂಡೆಯದೇ ನೆರಳು. ದೀಪ ಏರಿಸಿದರೂ ಈ ತೊಂದರೆ ತೀರಲಿಲ್ಲ. ಜೋವಾಂಥಿಡ್‌ಗಳ ಗುಂಪು ನೆರಳಿನ ಅಂಚಿನವರೆಗೆ ಹಬ್ಬಿ ಅಲ್ಲೇ ನಿಂತಿತು, ಬಲತುದಿಯ ಲೆದರ್ ಹವಳ ಒಂದೇ ಕಡೆಗೆ ವಾಲಿ ಬೆಳೆಯಿತು. ದೀಪದ ಕೆಳಗೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಕಟ್ಟಿ ಬೆಳಕನ್ನು ಚದುರಿಸಲು ಒಂದು ವಾರ ನೋಡಿದೆವು. ನೆರಳು ಮೃದುವಾಯಿತೇನೋ ನಿಜ, ಆದರೆ ಬಿಸಿ ಅಲ್ಲೇ ಕಟ್ಟಿಕೊಂಡು ದೀಪದ ಫ್ಯಾನು ನಿಲ್ಲದೆ ಓಡತೊಡಗಿತು. ಎಲ್ಇಡಿಯ ಆಯುಷ್ಯಕ್ಕೆ ಶಾಖಕ್ಕಿಂತ ದೊಡ್ಡ ಶತ್ರುವಿಲ್ಲ, ಹಾಳೆಯನ್ನು ಕಿತ್ತೆವು. ಇನ್ನೂ ಎತ್ತರಕ್ಕೆ ಏರಿಸಿದರೆ ನೀಲಿ ಬೆಳಕು ನೇರ ಸೋಫಾದಲ್ಲಿ ಕುಳಿತವರ ಕಣ್ಣಿಗೆ ಹೊಡೆಯುತ್ತದೆಂದು ಮನೆಯವರು ಸ್ಪಷ್ಟವಾಗಿ ಆಕ್ಷೇಪಿಸಿದರು. ದೀಪದ ಎತ್ತರವನ್ನು ತೀರ್ಮಾನಿಸುವುದರಲ್ಲಿ ಮನೆಯವರಿಗೂ ಒಂದು ಮತವಿದೆ.

ಜುಲೈನಲ್ಲಿ ಎರಡನೆಯ, ಚಿಕ್ಕ ದೀಪವೊಂದನ್ನು ಕೊಂಡರು. ಎರಡನ್ನೂ ಟ್ಯಾಂಕಿನ ಎರಡು ತುದಿಗಳಿಂದ ತಲಾ 22 ಸೆಂಟಿಮೀಟರ್ ಒಳಗೆ ತೂಗಿಸಿ, ಇಬ್ಬದಿಯ ಬೆಳಕು ನಡುವೆ ಕೂಡುವಂತೆ ಮಾಡಿದೆವು. ಎರಡರ ತೀವ್ರತೆಯನ್ನೂ ಮೊದಲು ತೀರಾ ತಗ್ಗಿಸಿ ನಾಲ್ಕು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಏರಿಸಿದೆವು. ಮೀಟರ್ ಮತ್ತೆ ಎರವಲು ತಂದಾಗ ನೆತ್ತಿಯಲ್ಲಿ 110ರಿಂದ 130, ಮೂಲೆಗಳಲ್ಲಿ 60ರಿಂದ 70. ವ್ಯಾಟಿನ ಲೆಕ್ಕದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ, ಹಂಚಿಕೆ ಮಾತ್ರ ಬೇರೆಯೇ ಆಯಿತು.

ಆಗಸ್ಟಿನಲ್ಲಿ ಬಲತುದಿಯ ಜೋವಾಂಥಿಡ್‌ಗಳು ಸಂಜೆಯ ಹೊತ್ತಿಗೆ ಮುದುಡಿಕೊಳ್ಳತೊಡಗಿದವು, ಲೆದರ್ ತನ್ನ ಪಾಲಿಪ್‌ಗಳನ್ನು, ಅಂದರೆ ಮೈಮೇಲಿನ ಹೂವಿನಂಥ ಪುಟ್ಟ ಎಸಳುಗಳ ಗುಂಪನ್ನು, ಚಾಚುವುದನ್ನೇ ನಿಲ್ಲಿಸಿತು. ಲೆದರ್ ಹವಳ ಆಗಾಗ ಮೇಣದಂಥ ಪೊರೆ ಕಳಚುವಾಗ ಹೀಗೆ ಕೆಲವು ದಿನ ಮುದುಡುವುದುಂಟು. ಅದನ್ನೇ ಕಾರಣವೆಂದು ಮೇಷ್ಟ್ರಿಗೆ ಹೇಳಿದವನು ನಾನು. ಮೂರು ವಾರವನ್ನು ಆ ಒಂದು ಮಾತು ನುಂಗಿತು.

ನಿಜವನ್ನು ಕಂಡುಹಿಡಿದವರು ಮೇಷ್ಟ್ರ ತಾಯಿ. ರಂಗೋಲಿ ಹಾಕಲು ಐದಕ್ಕೇ ಏಳುವ ಅವರು ಒಂದು ಬೆಳಿಗ್ಗೆ, “ಏನೋ, ಈ ಬಲಗಡೆ ದೀಪ ರಾತ್ರಿಯೆಲ್ಲ ಉರಿಯುತ್ತಲ್ಲೋ, ಮೀನು ನಿದ್ದೆ ಮಾಡೋದು ಬೇಡವೇ?” ಎಂದು ಕೇಳಿದರು. ಹೊಸ ದೀಪಕ್ಕೆ ಒಳಗೇ ಗಡಿಯಾರವಿತ್ತು, ಗಡಿಯಾರಕ್ಕೆ ಬ್ಯಾಟರಿ ಇರಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಅದು ಆ ಕ್ಷಣವನ್ನೇ ಮಧ್ಯರಾತ್ರಿಯೆಂದು ತಿಳಿದು ಎಣಿಕೆ ಆರಂಭಿಸುತ್ತಿತ್ತು. ಒಂದು ದಿನ ಸಂಜೆ ನಾಲ್ಕಕ್ಕೆ ಕರೆಂಟು ಮರಳಿತ್ತು. ಆದ್ದರಿಂದ ಅದರ ಮಧ್ಯಾಹ್ನ ಹನ್ನೆರಡು ನಮ್ಮ ನಸುಕಿನ ನಾಲ್ಕು. ನಾಲ್ಕರಿಂದ ನಡುಹಗಲವರೆಗೆ ಹೊಸ ದೀಪ, ನಡುಹಗಲಿಂದ ಎಂಟರವರೆಗೆ ಹಳೆಯ ದೀಪ: ಎರಡರ ಬೆಳಕೂ ತಲುಪುವ ಜಾಗದಲ್ಲಿ ಹವಳಕ್ಕೆ ಹದಿನಾರು ಗಂಟೆ ಹಗಲು. ಏಳೂವರೆಗೆ ಕಾಲೇಜಿಗೆ ಹೊರಡುವ ಮೇಷ್ಟ್ರು ಬೆಳಿಗ್ಗೆ ಉರಿಯುತ್ತಿದ್ದುದನ್ನು ಗಮನಿಸಲಿಲ್ಲ, ಸಂಜೆ ಆರಿದ್ದನ್ನು ಕಂಡು ಮುಸ್ಸಂಜೆಯ ಮಂದ ಹಂತಕ್ಕೆ ಇಳಿದಿದೆ ಎಂದುಕೊಂಡಿದ್ದರು.

ಮಾರಿದವರನ್ನು ಕೇಳಿದರೆ ಯುಪಿಎಸ್ ಹಾಕಿಕೊಳ್ಳಿ ಎಂಬ ಉತ್ತರ ಬಂತು. ಅದಕ್ಕೆ ಮೊದಲು ನಾವೊಂದು ಪರೀಕ್ಷೆ ಮಾಡಿದೆವು: ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ, ದೀಪಕ್ಕೆ ಏನೇನು ನೆನಪಿದೆ ಎಂದು ನೋಡಿದೆವು. ಗಂಟೆ ಮರೆತಿತ್ತು, ಆದರೆ ಮ್ಯಾನ್ಯುಯಲ್ ಕ್ರಮದಲ್ಲಿ ನಾವಿಟ್ಟ ತೀವ್ರತೆಯನ್ನು ಮರೆತಿರಲಿಲ್ಲ. ಹಾಗಾಗಿ ಅದನ್ನು ಶಾಶ್ವತವಾಗಿ ಮ್ಯಾನ್ಯುಯಲ್‌ನಲ್ಲಿಟ್ಟು, ಹಳೆಯ ದೀಪದಂತೆಯೇ ಹೊರಗಿನ ಬ್ಯಾಟರಿ ಟೈಮರಿಗೆ ಜೋಡಿಸಿದೆವು. ನಿಧಾನವಾಗಿ ಬೆಳಗುವ, ನಿಧಾನವಾಗಿ ಆರುವ ಸೊಗಸು ಹೋಯಿತು. ಮೇಷ್ಟ್ರಿಗೆ ಸ್ವಲ್ಪ ಬೇಸರವಾಯಿತು, ಹವಳಗಳಿಗೆ ಏನೂ ಆದಂತಿಲ್ಲ. ಹನ್ನೆರಡು ದಿನಗಳಲ್ಲಿ ಲೆದರ್ ಮತ್ತೆ ಚಾಚಿಕೊಂಡಿತು.

ಈ ಪ್ರಕರಣದಿಂದ ನಾನು ಕಲಿತದ್ದು

ಇಂಥದೇ ಟ್ಯಾಂಕಿಗೆ ಇಂದು ಯಾರಾದರೂ ಸಲಹೆ ಕೇಳಿದರೆ ಯಾವ ಹವಳ ಇಡುವಿರಿ ಎಂದು ಮೊದಲು ಕೇಳುತ್ತೇನೆ, ದೀಪದ ಹೆಸರು ಆಮೇಲೆ. ಮೃದು ಹವಳಗಳಷ್ಟೇ ಇರುವ, ನೀರು 40 ಸೆಂಟಿಮೀಟರಿನ ಆಸುಪಾಸಿನ ಆಳವಿರುವ ಟ್ಯಾಂಕಿಗೆ ಒಂದು ಬಲವಾದ ದೀಪಕ್ಕಿಂತ ಎರಡು ಸಾಧಾರಣ ದೀಪಗಳೇ ಲೇಸು. ಮೀಟರ್ ಕೊಳ್ಳುವುದು ದುಬಾರಿ, ಎರವಲು ಸಿಕ್ಕರೆ ಅರ್ಧ ದಿನದ ಕೆಲಸ. ಅದೂ ಸಿಗದಿದ್ದರೆ ತೀವ್ರತೆಯನ್ನು ಶೇ. 30ರ ಆಸುಪಾಸಿನಿಂದ ಆರಂಭಿಸಿ, ಹವಳವನ್ನು ಮರಳಿನ ಮೇಲಿಟ್ಟು, ಎರಡೆರಡು ವಾರಕ್ಕೆ ಒಂದು ಹೆಜ್ಜೆಯಂತೆ ಏರುವುದು. ಕಡಿಮೆ ಬೆಳಕಿನಲ್ಲಿ ಹವಳ ತಿಂಗಳುಗಟ್ಟಲೆ ತಡೆದುಕೊಂಡೀತು, ಹೆಚ್ಚಾದರೆ ವಾರ ಸಾಕು.

ನನ್ನ ತಪ್ಪನ್ನೂ ದಾಖಲಿಸುವುದು ಸರಿ. ಪೊರೆ ಕಳಚುತ್ತಿದೆ ಎಂಬ ವಿವರಣೆ ಲೆದರ್‌ಗೆ ಒಪ್ಪುತ್ತಿತ್ತೇ ಹೊರತು ಅದೇ ತುದಿಯಲ್ಲಿ ಅದೇ ವೇಳೆಗೆ ಮುದುಡುತ್ತಿದ್ದ ಜೋವಾಂಥಿಡ್‌ಗಳಿಗೆ ಒಪ್ಪುತ್ತಿರಲಿಲ್ಲ. ಎರಡು ಬೇರೆ ಬೇರೆ ಜಾತಿಗಳು ಒಂದೇ ಜಾಗದಲ್ಲಿ ಒಟ್ಟಿಗೆ ಸೊರಗಿದರೆ ಕಾರಣ ಜಾಗದಲ್ಲಿರುತ್ತದೆ, ಜಾತಿಯಲ್ಲಲ್ಲ. ಏಪ್ರಿಲಿನಲ್ಲಿ ಮೇಷ್ಟ್ರ ಟ್ಯಾಂಕಿನಲ್ಲಿ ನಾನೇ ಎತ್ತಿ ತೋರಿಸಿದ್ದ ಈ ಮಾತನ್ನು ಆಗಸ್ಟಿನಲ್ಲಿ ಮರೆತಿದ್ದೆ.

ನವೆಂಬರಿನಲ್ಲಿ ಮೂರನೆಯ ಬಾರಿ ಅಳೆದಾಗ ನಡುಬಂಡೆಯ ಒಂದು ಬಿಂದುವಿನಲ್ಲಿ 118 ಇದ್ದದ್ದು 96ಕ್ಕೆ ಇಳಿದಿತ್ತು. ಗುಂಡಿಗಳನ್ನು ಯಾರೂ ಮುಟ್ಟಿರಲಿಲ್ಲ. ಹೊಸ ದೀಪದ ಮಸೂರಗಳ ಮೇಲೆ ಉಪ್ಪಿನ ಬಿಳಿ ಪದರ ಕಟ್ಟಿತ್ತು. ದೀಪ ಆರಿಸಿ, ಪ್ಲಗ್ ಕಿತ್ತು, ಆರ್‌ಒ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದ ಮೇಲೆ 115 ತೋರಿಸಿತು. ಮೇಷ್ಟ್ರು ಆ ಅಂಕಿಯನ್ನು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ತಿಂಗಳ ಮೊದಲ ಭಾನುವಾರ ಎಂದು ಗುರುತು ಹಾಕಿಕೊಂಡರು.